ಮಗಳ ಕೆನ್ನೆಗೆ ಪಾಲಿಶ್

ಓದಲು ಬರುವುದೇ ನನ್ನ ಎಲ್ಲ ಕಷ್ಟಗಳಿಗೂ ಮೂಲವೆಂದು ಈಚೆಗೆ ಅನಿಸತೊಡಗಿದೆ. ಬಿಸ್ಕತ್ತಿನ ಪೊಟ್ಟಣ, ಗುಳಿಗೆಯ ಚೀಟಿ, ಲಾರಿಯ ಹಿಂಬದಿ, ಏನು ಸಿಕ್ಕರೂ ಓದುತ್ತೇನೆ, ಓದಿ ಹೆದರುತ್ತೇನೆ. ಹೋದ ವಾರ ಮಗಳು ಸುಜಾತಾ ಕನ್ನಡಿಯ ಮುಂದೆ ಬಿಟ್ಟುಹೋಗಿದ್ದ ಟ್ಯೂಬು ಕೈಗೆ ಬಂತು. ಮೊಡವೆಯ ಕುಳಿಗಳು ಕಾಣದಂತೆ ಮುಖ ನುಣುಪು ಮಾಡುವ ಕ್ರೀಮು. ಅದರ ಬೆನ್ನ ಮೇಲೆ ಒಂದು ಹೆಸರಿತ್ತು: ಪಾಲಿಮಿಥೈಲ್‌ಸಿಲ್‌ಸೆಸ್ಕ್ವಿಆಕ್ಸೇನ್. ಕನ್ನಡಕ ಒರೆಸಿಕೊಂಡು ಮೂರು ಸಲ ಪ್ರಯತ್ನಿಸಿದೆ. ನಡುವಿನ ‘ಸಿಲ್’ ಒಂದೇ ನನಗೆ ದಕ್ಕಿದ್ದು. ಹೆದರಲು ಅಷ್ಟು ಸಾಕಾಯಿತು.

ಶಹಾಬಾದಿನಲ್ಲಿ ಹುಟ್ಟಿದವನಿಗೆ ‘ಸಿಲ್’ ಎಂದರೆ ಸಿಲಿಕಾ, ಸಿಲಿಕಾ ಎಂದರೆ ಕಲ್ಲಿನ ಧೂಳು. ನನ್ನಪ್ಪ ಭಂಕೂರಿನ ಕಡೆ ನೆಲಕ್ಕೆ ಹಾಸುವ ಪರ್ಸಿ ಕಲ್ಲಿಗೆ ಪಾಲಿಶ್ ಮಾಡುತ್ತಿದ್ದವನು. ಕಲ್ಲು ನುಣುಪಾದಷ್ಟೂ ಅವನ ಕೆಮ್ಮು ಗಡುಸಾಯಿತು. ಆ ಕೆಮ್ಮು ಕೇಳುತ್ತಲೇ ನಾನು ದೊಡ್ಡವನಾದೆ. ಈಗ ಮಗಳು ಅದೇ ಪುಡಿಯನ್ನು ದಿನಾ ಮೂಗಿನ ಪಕ್ಕದಲ್ಲೇ ತಿಕ್ಕಿಕೊಳ್ಳುತ್ತಿದ್ದಾಳೆ ಎಂದುಕೊಂಡಾಗ ಕೂತಲ್ಲಿ ಕೂರಲಾಗಲಿಲ್ಲ. ನಿಜವಾಗಿಯೂ ಭಯವಾಯಿತು.

ಪಕ್ಕದ ಮನೆಗೆ ಪರ್ಸಿ ಹಾಸುತ್ತಿದ್ದ ರಾಜಾಸಾಬನಿಗೆ ಟ್ಯೂಬು ತೋರಿಸಿದೆ. ಅವನು ಬೆರಳಿಗೆ ಹಚ್ಚಿಕೊಂಡು ತಿಕ್ಕಿ ನೋಡಿ, “ಸಿಲಿಕೋನ್ ಇದ್ದಂಗದರಿ ಸರ. ನಾವು ಬಾತ್‌ರೂಮಿನ ಸಂದಿಗಿ ತುಂಬ್ತೀವಲ್ರಿ, ಅದು. ಒಮ್ಮಿ ಹತ್ತಿತಂದ್ರ ಕೆರೀಲಿಕ್ಕ ಬ್ಲೇಡೇ ಬೇಕ್ರಿ,” ಎಂದ. ಸಮಾಧಾನ ಕೇಳಲು ಹೋದವನು ಬ್ಲೇಡಿನ ಚಿಂತೆಯನ್ನೂ ಕಟ್ಟಿಕೊಂಡು ಬಂದೆ. ಟ್ಯೂಬನ್ನು ಜೋಳದ ಡಬ್ಬಿಯೊಳಗೆ ಹುಗಿದಿಟ್ಟೆ.

ಮರುದಿನ ಬೆಳಿಗ್ಗೆ ಸುಜಾತಾ ಮನೆಯೆಲ್ಲ ಜಾಲಾಡಿದಳು. ಚಿತ್ತಾಪುರದ ಬ್ಯಾಂಕಿನಲ್ಲಿ ಹೊಸ ಕೆಲಸ, ಗಾಡಿಗೆ ಹೊತ್ತಾಗುತ್ತಿತ್ತು. ಕೊನೆಗೆ ದುಪ್ಪಟ್ಟಾದಿಂದ ಅರ್ಧ ಮುಖ ಮುಚ್ಚಿಕೊಂಡು ಬಾಗಿಲಲ್ಲಿ ನಿಂತಳು. “ಸೇರಿದ ದಿನ ಒಬ್ಬಾಕಿ ನನ್ನ ಮಾರಿ ನೋಡಿ ನಕ್ಕಿದ್ಳಪ್ಪ. ಇವತ್ತ ನಾ ಹೋಗಂಗಿಲ್ಲ,” ಎಂದು ಅಳು ನುಂಗಿದಳು. ನಾನು ಡಬ್ಬಿಗೆ ಕೈ ಹಾಕಿ ಟ್ಯೂಬು ತೆಗೆದುಕೊಟ್ಟು, ಅಪ್ಪನ ಕೆಮ್ಮಿನಿಂದ ಹಿಡಿದು ಬ್ಲೇಡಿನವರೆಗೆ ಎಲ್ಲ ಒಪ್ಪಿಕೊಂಡೆ.

ಅವಳು ಸಿಟ್ಟಾಗಲಿಲ್ಲ. “ಅಪ್ಪಾ, ಸಿಲಿಕಾ ಬ್ಯಾರೆ, ಸಿಲಿಕೋನ್ ಬ್ಯಾರೆ. ಇದು ಫ್ಯಾಕ್ಟರಿದಾಗ ತಯಾರ ಮಾಡಿದ್ದು. ಕ್ರೀಮಿನ್ಯಾಗ ಕಲಸಿರ್ತಾರ, ಕಲ್ಲಿನ ಧೂಳಿನಂಗ ಹಾರಂಗಿಲ್ಲ. ಸಂಜಿಗಿ ಮಾರಿ ತೊಳಕೊಂಡ್ರ ಹೋಗ್ತದ,” ಎನ್ನುತ್ತ ಕೆನ್ನೆಗೆ ಹಚ್ಚಿಕೊಂಡಳು.

“ಸಿಲಿಕಾ ಬ್ಯಾರೆ ಅಂತ ನಿನಗ ಯಾರ ಹೇಳಿದ್ರು?” ಎಂದೆ.

“ನೀನ ಅಲ್ಲೇನಪ್ಪ, ಹತ್ತನೇ ಕ್ಲಾಸಿನಾಗ.”

ಇಷ್ಟು ಹೊತ್ತು ಬೇಕೆಂದೇ ಹೇಳಿರಲಿಲ್ಲ, ನಾನು ಇಪ್ಪತ್ತೆರಡು ವರ್ಷಗಳಿಂದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೇನೆ. ನನ್ನ ಪಾಠವನ್ನು ತರಗತಿಯಲ್ಲಿ ಯಾರೂ ಗಮನವಿಟ್ಟು ಕೇಳುವುದಿಲ್ಲವೆಂದು ದಿನಾ ಗೊಣಗುತ್ತಿದ್ದೆ. ಕೇಳದೆ ಇದ್ದವನು ಯಾರೆಂದು ಅವತ್ತು ಗೊತ್ತಾಯಿತು.