ಥಂಡಿ ಹವಾ ಕುಡಿದ ನಮ್ಮ ಕಾರು

ಬೇರೆಯವರ ಕಾರು ಕೆಟ್ಟರೆ ಗ್ಯಾರೇಜಿಗೆ ಹೋಗುತ್ತದೆ, ಸಂಜೆಗೆ ಸರಿಯಾಗಿ ಮನೆಗೆ ಬರುತ್ತದೆ. ನನ್ನ ಕಾರು ಕೆಟ್ಟರೆ ಮೊದಲು ನನ್ನ ತಲೆ ಕೆಡುತ್ತದೆ, ಆಮೇಲೆ ಕಂಡಕಂಡವರೆಲ್ಲ ರಿಪೇರಿಗೆ ಬರುತ್ತಾರೆ. ಕಾರಿನದ್ದಲ್ಲ, ನನ್ನ ತಲೆಯದ್ದು. ಇದು ಒಂದು ಸಲದ ಮಾತಲ್ಲ, ನನ್ನ ಹಣೆಬರಹವೇ ಹಾಗಿದೆ. ಮಿಕ್ಸರ್ ತರಲು ಪೇಟೆಗೆ ಹೋಗಿ ಹೊಲಿಗೆ ಯಂತ್ರ ಹೊತ್ತು ತಂದವನು ನಾನು. ಆದರೆ ಈ ಮಳೆಗಾಲದಲ್ಲಿ ಕಾರಿಗೆ ಒಂದು ಪೈಪು ಹಾಕಿಸುವುದರಲ್ಲಿ ಆದ ಗೊಂದಲದ ಮುಂದೆ ಅದೆಲ್ಲ ಏನೂ ಅಲ್ಲ.

ಎಮ್ಮೆಯ ಅಭಿಪ್ರಾಯ

ನಾನು ಖಾನಾಪುರದ ಒಂದು ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರ. ಮನೆ ಬೆಳಗಾವಿಯ ಮಹಾಂತೇಶ ನಗರದಲ್ಲಿ. ದಿನವೂ ಹೋಗಿಬರುವುದು ಹದಿಮೂರು ವರ್ಷದ ನನ್ನ ಸಣ್ಣ ಕಾರಿನಲ್ಲಿ. ನಮ್ಮ ಮನೆತನದಲ್ಲಿ ಯಾರೂ ಅದಕ್ಕೆ ಮುಂಚೆ ಕಾರು ತಂದಿರಲಿಲ್ಲ. ತಂದ ದಿನ ಓಣಿಯ ಮಂದಿಯೆಲ್ಲ ಬಂದು ಮುಟ್ಟಿ ನೋಡಿದ್ದರು. ಅದರ ಮೇಲೆ ನನಗೆ ಜೀವ.

ಹೆಂಡತಿಯ ತವರು ಖಾನಾಪುರದ ಆಚೆ ಒಂದು ಹಳ್ಳಿ. ಊರಿಗೆ ಮುಂಚೆ ಒಂದು ಕಡಿದಾದ ಏರು. ಮುಂಗಾರು ಶುರುವಾದ ಹೊಸದರಲ್ಲಿ ಒಂದು ಭಾನುವಾರ, ಹೆಂಡತಿ ಮತ್ತು ಅವ್ವನನ್ನು ಕೂರಿಸಿಕೊಂಡು ಹೊರಟಿದ್ದೆ. ಅರ್ಧ ಏರಿನಲ್ಲಿ ಕಾರು ಏದುಸಿರು ಬಿಟ್ಟು ನಿಂತುಬಿಟ್ಟಿತು. ಹೆಂಗಸರಿಬ್ಬರೂ ಇಳಿದರು. ಎಮ್ಮೆ ಹೊಡೆದುಕೊಂಡು ಹೊರಟಿದ್ದ ಮುದುಕ ಒಬ್ಬ ನಿಂತ.

"ಏನಾತ್ರಿ?"

"ಏರು ಭಾಳ ಐತ್ರಿ," ಎಂದೆ.

"ಹೌದ್ರಿ, ನಮ್ಮ ಎಮ್ಮಿಗೂ ಭಾಳ ಅನಸ್ತೈತಿ. ಆದ್ರೂ ಹತ್ತತೈತಿ."

ಹೆಂಡತಿ ಅಲ್ಲೇ, ಆ ಎಮ್ಮೆಯ ಸಮ್ಮುಖದಲ್ಲೇ ತೀರ್ಪು ಕೊಟ್ಟಳು. "ನಾಗರ ಪಂಚಮಿಗೆ ತವರಿಗೆ ಬರೂಮುಂದ ನಾಕು ಮಂದಿ ಕುಂತು, ನಿಲ್ಲದ ಈ ಏರು ಹತ್ತಿದ್ರ ಗಾಡಿ ನಿಮ್ಮದು. ನಿಂತ್ರ ನನ್ನ ತಮ್ಮಗ ಕೊಟ್ಟುಬಿಡೂದು. ಮಾತು ಅಂದ್ರ ಮಾತು."

ಆ ತಮ್ಮ ಊರಿನಲ್ಲಿ ಹಾಲಿನ ವ್ಯಾಪಾರ ಮಾಡುತ್ತಾನೆ. ಸುದ್ದಿ ತಿಳಿದು ಟ್ರ್ಯಾಕ್ಟರ್ ತಂದು ನಮ್ಮನ್ನು ಎಳೆದುಕೊಂಡು ಹೋದ. ಒಳ್ಳೆಯ ಹುಡುಗ. ಊರು ಮುಟ್ಟಿ ನಾನು ಹಗ್ಗ ಬಿಚ್ಚುತ್ತಿರುವಾಗ ಅವನು ಹಿಂದಿನ ಬಾಗಿಲು ತೆಗೆದು ಗೇಣು ಹಾಕಿ ಸೀಟು ಅಳೆಯುತ್ತಿದ್ದ.

"ಏನೂ ಕಾಳಜಿ ಮಾಡಬ್ಯಾಡ್ರಿ ಮಾಮಾ," ಅಂದ. "ಈ ಸೀಟು ಕಿತ್ತ ಒಗದ್ರ ಆರು ಕ್ಯಾನ್ ಆರಾಮ ಕುಂದರ್ತಾವ."

ಪೋರ್ಶನ್ ಮೀರಿದ ಪ್ರಶ್ನೆ

ನಮ್ಮ ಶಾಲೆಯ ಸೈನ್ಸ್ ಮಾಸ್ತರರ ಮುಂದೆ ಸಂಕಟ ತೋಡಿಕೊಂಡೆ. ಅವರು ಎರಡು ಮಾತು ಕೇಳಿ, ಖಾಲಿ ಇದ್ದ ಎಂಟನೆಯ ತರಗತಿಗೆ ನನ್ನನ್ನು ಕರೆದುಕೊಂಡು ಹೋಗಿ, ಬೆಂಚಿನ ಮೇಲೆ ಕೂರಿಸಿ, ಬೋರ್ಡಿನ ಮೇಲೆ ಎಂಜಿನ್ ಬರೆದರು.

"ನಿಮ್ಮ ಗಾಡಿ ಬಾನೆಟ್ಟಿನ ಒಳಗಿನ ಬಿಸಿ ಹವಾ ಕುಡಿಯಾಕತ್ತೈತಿ. ಬಿಸಿ ಹವಾ ತೆಳ್ಳಗ. ಥಂಡಿ ಹವಾ ದಟ್ಟ, ಅದರಾಗ ಆಕ್ಸಿಜನ್ ಹೆಚ್ಚ. ಹೊರಗಿನ ಥಂಡಿ ಹವಾನ ಸೀದಾ ಎಂಜಿನ್ನಿಗೆ ತರೂ ಪೈಪ್ ಸಿಗತೈತಿ. ಅದಕ್ಕ ಕೋಲ್ಡ್ ಏರ್ ಇನ್‌ಟೇಕ್ ಅಂತಾರ. ಕೊಂಡರೂ ತರಬಹುದು, ಮನಿಯಾಗೂ ಮಾಡಬಹುದು."

ನಾನು ಹಳಗನ್ನಡ ಓದಿದವನು. ಆದರೂ ತಲೆಯಾಡಿಸಿದೆ. ಒಂದು ಅನುಮಾನ ಮಾತ್ರ ಉಳಿಯಿತು.

"ಸರ್, ಪೈಪು ಹೊರಗಿಂದ ಬಂದ್ರೂ ಆ ಬಿಸಿ ಬಾನೆಟ್ಟಿನ ಒಳಗ ಹಾದs ಬರಬೇಕಲ್ರಿ? ಬರೂತನಾ ಹವಾ ಮತ್ತ ಬಿಸಿ ಆಗೂದಿಲ್ಲೇನು?"

ಮಾಸ್ತರರು ಬೋರ್ಡು ನೋಡಿದರು. ಸೀಮೆಸುಣ್ಣ ನೋಡಿದರು. ಕೊನೆಗೆ ಡಸ್ಟರ್ ತೆಗೆದುಕೊಂಡು ಎಂಜಿನ್ ಪೂರ್ತಿ ಅಳಿಸಿದರು.

"ಅದು ಪೋರ್ಶನ್‌ದಾಗ ಇಲ್ಲ."

ಪೈಪಿಗೆ ತಕ್ಕ ಗಾಡಿ

ಕೊಂಡು ತರುವುದೇ ಸುಲಭ ಎಂದುಕೊಂಡು ಟಿಳಕವಾಡಿಯ ಒಂದು ಕಾರ್ ಸಾಮಾನಿನ ಅಂಗಡಿಗೆ ಹೋದೆ. ಗಾಜಿನ ಕಪಾಟಿನಲ್ಲಿ ಕೆಂಪಗೆ ಹೊಳೆಯುವ ಪೈಪು, ಅದರ ತುದಿಗೆ ಬುಗುರಿಯಂಥ ಫಿಲ್ಟರು. ನಿಜ ಹೇಳಬೇಕೆಂದರೆ ನೋಡಿದ ಕೂಡಲೇ ಮನಸ್ಸಾಯಿತು.

"ಇದು ಹಾಕಿದ್ರ ಪವರ್ ಹೆಚ್ಚಾಗ್ತೈತೇನ್ರಿ?"

ಅಂಗಡಿಯವನು ಪ್ರಾಮಾಣಿಕ ಮನುಷ್ಯ. "ಆವಾಜ್ ಹೆಚ್ಚಾಗ್ತೈತ್ರಿ," ಅಂದ.

"ಪವರ್?"

"ಆವಾಜ್ ಕೇಳಿದವರಿಗೆ ಪವರ್ ಅನಸ್ತೈತ್ರಿ."

ನನ್ನ ಹೆಂಡತಿಗೆ ಅನಿಸಿದರೆ ಸಾಕಾಗುತ್ತದೆಯೇ, ಏರಿಗೂ ಅನಿಸಬೇಕೇ ಎಂದು ನಿಂತಲ್ಲೇ ಯೋಚಿಸಿದೆ. ಅಷ್ಟರಲ್ಲಿ ಅವನು ಹೊರಗೆ ಬಂದು ನನ್ನ ಕಾರು ನೋಡಿದ. ಸುತ್ತ ಒಂದು ಪ್ರದಕ್ಷಿಣೆ ಹಾಕಿದ. ಅವನ ಮುಖ ಸಣ್ಣದಾಯಿತು.

"ಸರ್, ಈ ಗಾಡಿಗೆ ಈ ಪೈಪ್ ಕುಂದರೂದಿಲ್ರಿ. ಇದಕ್ಕ ಕುಂದರೂ ಪೈಪ್ ಯಾರೂ ಮಾಡೂದಿಲ್ಲ."

ನಾನು ಕಾರಿನ ಬಾಗಿಲು ತೆಗೆದೆ. ಹಿಂದಿನಿಂದ ಕೂಗಿದ.

"ಸರ್, ನಿಂದರ್ರಿ! ಈ ಪೈಪಿಗೆ ಬರಾಬರ್ ಕುಂದರೂ ಗಾಡಿ ನಮ್ಮ ಭಾವನ ಹಂತೇಕ ಐತಿ. ಮಾರಾವ ಅದಾನ. ತೋರಸಲೇನ್ರಿ?"

ನೀರಿಲ್ಲದ ಗ್ಯಾರಂಟಿ

ಇನ್ನು ಉಳಿದದ್ದು ಮನೆಯಲ್ಲೇ ಮಾಡುವುದು. ಪೈಪು ಎಂದ ಮೇಲೆ ಪೈಪು ಬಲ್ಲವರನ್ನೇ ಕರೆಯಬೇಕಲ್ಲ? ನಮ್ಮ ಬಡಾವಣೆಯ ಅರ್ಧ ಮನೆಗಳಿಗೆ ನಳ ಹಾಕಿದ ಪ್ಲಂಬರ್ ಚಾಚಾ ಅವರಿಗೆ ಹೇಳಿಕಳಿಸಿದೆ. ಮೂವತ್ತು ವರ್ಷದ ಕಸುಬು, ಕೈ ಹಾಕಿದರೆ ಹನಿ ನೀರು ಸೋರುವುದಿಲ್ಲ.

ಚಾಚಾ ಬಾನೆಟ್ ಒಳಗೆ ಇಣುಕಿ, ಗಾಳಿ ಹೀರುವ ಹಳೆಯ ಡಬ್ಬಿಯ ಮೂತಿಗೆ ಬಿಳಿ ಪಿವಿಸಿ ಪೈಪು ಸಿಕ್ಕಿಸಿದರು. ಎರಡು ಮೊಣಕೈ ಬೆಂಡು, ಅದರ ಮುಂದೆ ಇಳಿಜಾರಾಗಿ ಒಂದು ಉದ್ದ ತುಂಡು.

"ಇದ್ಯಾಕ ಡೊಂಕ ಕುಂತೈತಿ ಚಾಚಾ?"

"ಢಾಳು ಬೇಕಲ್ರಿ ಸಾಹೇಬ್ರ. ಇಲ್ಲಂದ್ರ ನೀರು ನಿಲ್ತೈತಿ."

"ಇದರಾಗ ನೀರು ಹರಿಯೂದಿಲ್ಲ ಚಾಚಾ, ಹವಾ."

"ಹವಾಕ್ಕೂ ಢಾಳು ಬೇಕ್ರಿ. ಎಲ್ಲಾದಕ್ಕೂ ಢಾಳು ಬೇಕು."

ನಡುವೆ ಒಂದು ಹಿತ್ತಾಳೆಯ ಕಾಕ್ ಕೂಡ ಕೂಡಿಸಿದರು. ಅದೇಕೆ ಎಂದರೆ, "ಎಂಟು ದಿನ ಊರಿಗೆ ಹೋದ್ರ ಬಂದ್ ಮಾಡಿ ಹೋಗಾಕ್ರಿ." ಇಷ್ಟರವರೆಗೆ ನಾನು ತಡೆದುಕೊಂಡೆ. ಆಮೇಲೆ ಅವರು ಹಿತ್ತಿಲಿಗೆ ಹೋಗಿ ಬಕೆಟ್ ತುಂಬ ನೀರು ತಂದು, ತಂಬಿಗೆ ಅದ್ದಿ, ಪೈಪಿನ ಬಾಯಿಗೆ ಸುರಿಯಲು ಹೊರಟರು. ನಾನು ಚೀರಿದ್ದು ಮೂರು ಮನೆಯಾಚೆ ಕೇಳಿತಂತೆ. ನೀರು ಎಂಜಿನ್ನಿಗೆ ಹೋದರೆ ಕಾರು ಸತ್ತೇಹೋಗುತ್ತದೆ ಎಂಬುದಷ್ಟು ನನಗೂ ಗೊತ್ತು.

ಚಾಚಾ ತಂಬಿಗೆ ಕೆಳಗಿಟ್ಟರು. ಮುಖದಲ್ಲಿ ಸಿಟ್ಟಿಲ್ಲ, ಬೇಸರ.

"ನಿಮ್ಮ ಮರ್ಜಿ ಸಾಹೇಬ್ರ. ಆದ್ರ ನೀರು ಹಾಕಿ ನೋಡದ ನಾ ಲೀಕೇಜ್ ಗ್ಯಾರಂಟಿ ಕೊಡಾವಲ್ಲ."

ಇಲಿಯ ಓದು

ಆ ಪೈಪು ಎರಡು ದಿನ ಬಾಳಿತು. ಮೂರನೆಯ ದಿನ ಎಂಜಿನ್ನಿನ ಕಾವಿಗೆ ಹಪ್ಪಳದ ಹಿಟ್ಟಿನಂತೆ ಮೆತ್ತಗಾಗಿ ಜೋತುಬಿತ್ತು. ಪಂಚಮಿಗೆ ಹತ್ತು ದಿನ ಉಳಿದಿತ್ತು. ಕೊನೆಗೆ ಬುದ್ಧಿ ಬಂದು ಖಾನಾಪುರದ ಒಬ್ಬ ಗ್ಯಾರೇಜ್ ಮಿಸ್ತ್ರಿಯ ಹತ್ತಿರ ಹೋದೆ. ಕೊಳ್ಳುವುದು ಒಳ್ಳೆಯದೋ ಮಾಡಿಸುವುದೋ ಎಂದು ಕೇಳಿದೆ.

"ಫಿಲ್ಟರ್ ಕೊಂಡು ತರ್ರಿ, ಪೈಪ್ ನಾ ತಗಡಿನಾಗ ಮಾಡಸ್ತೀನಿ," ಎಂದ ಮಿಸ್ತ್ರಿ. "ಅರ್ಧಾ ಅದು, ಅರ್ಧಾ ಇದು. ಖಾನಾಪುರದಾಗ ನಾವು ಮಾತಾಡೂದೂ ಹಂಗs ಅಲ್ರಿ, ಅರ್ಧಾ ಕನ್ನಡ, ಅರ್ಧಾ ಮರಾಠಿ. ನಡೀತೈತಿ."

ಟಿಳಕವಾಡಿಯ ಅದೇ ಬುಗುರಿ ಫಿಲ್ಟರು ತಂದುಕೊಟ್ಟೆ. ಹೊಸ ಪೈಪು ಹಾಕಬೇಕೆಂದರೆ ಹಳೆಯ ಡಬ್ಬಿ ಬಿಚ್ಚಬೇಕು. ಇಷ್ಟು ದಿನ ಅದನ್ನು ಯಾರೂ ಬಿಚ್ಚಿ ನೋಡಿರಲಿಲ್ಲ. ಮಿಸ್ತ್ರಿ ಮುಚ್ಚಳ ತೆಗೆದ. ಒಳಗೆ ಒತ್ತಾಗಿ ತುಂಬಿದ ಕಾಗದದ ಚೂರು, ನಡುವೆ ಬೆಚ್ಚಗೆ ಮಲಗಿದ್ದ ಒಂದು ಇಲಿ. ಅದು ನಮ್ಮಿಬ್ಬರನ್ನೂ ಒಮ್ಮೆ ನೋಡಿ, ಅವಸರವಿಲ್ಲದೆ ಇಳಿದುಹೋಯಿತು. ಬೆಟ್ಟ ಅಗೆದು ಇಲಿ ಹಿಡಿದಂತೆ ಎಂಬ ಗಾದೆಯನ್ನು ಇಪ್ಪತ್ತು ವರ್ಷದಿಂದ ಮಕ್ಕಳಿಂದ ವಿಸ್ತರಿಸಿ ಬರೆಸುತ್ತಿದ್ದೇನೆ. ಕೊನೆಗೆ ನಿಜವಾದ ಇಲಿಯೇ ಹೊರಡುತ್ತದೆಂದು ಕನಸಿನಲ್ಲೂ ಎಣಿಸಿರಲಿಲ್ಲ.

ಕಾಗದದ ಚೂರು ಕೈಗೆತ್ತಿಕೊಂಡು ನೋಡಿದರೆ ಕನ್ನಡ ಅಕ್ಷರ. ಕಾರಿನಲ್ಲಿ ಇಟ್ಟು ಮರೆತಿದ್ದ ಒಂಬತ್ತನೆಯ ತರಗತಿಯ ಉತ್ತರ ಪತ್ರಿಕೆಗಳು! ಅವಳೇ ರದ್ದಿಯವನಿಗೆ ಹಾಕಿದ್ದಾಳೆ ಎಂದು ಹೆಂಡತಿಯ ಮೇಲೆ ತಿಂಗಳುಗಟ್ಟಲೆ ಗೊಣಗಿದ್ದೆ. ನಾಚಿಕೆಯಾಯಿತು.

ಮಿಸ್ತ್ರಿ ಕೆಲಸ ಮುಗಿಸಿದ. ಕಾರು ಹೊಸ ಆವಾಜು ಮಾಡುತ್ತ ಚಿಗರೆಯ ಹಾಗೆ ಓಡಿತು. ಆದರೆ ನನ್ನ ಗೊಂದಲ ದುಪ್ಪಟ್ಟಾಯಿತು. ಇದು ಪೈಪಿನ ಗುಣವೋ, ಇಲಿ ಹೋದದ್ದರ ಗುಣವೋ? ಪೈಪೇ ಬೇಕಿರಲಿಲ್ಲವೋ ಏನೋ! ಮರುದಿನ ಸೈನ್ಸ್ ಮಾಸ್ತರರನ್ನು ಕೇಳಿದೆ. ಈ ಸಲ ಅವರು ಉತ್ತರಕ್ಕೆ ತಡವರಿಸಲಿಲ್ಲ.

"ಒಮ್ಮೆಲೆ ಎರಡು ಬದಲಿಸಿದ್ರ ಅದು ಪ್ರಯೋಗ ಆಗೂದಿಲ್ಲ. ಪೈಪು ತಗೀರಿ. ಇಲಿನ ಹುಡುಕಿ ತಂದು ಮತ್ತ ಅದs ಜಾಗಾದಾಗ ಇಡ್ರಿ. ಆಮ್ಯಾಲೆ ಒಂದೊಂದs ಬದಲಿಸಿ ನೋಡೂಣು."

ಪಂಚಮಿಯ ಏರು

ಇಲಿಯನ್ನು ಹುಡುಕಲಿಲ್ಲ. ಪಂಚಮಿ ಬಂತು.

ಉಂಡಿಯ ಡಬ್ಬಿಗಳನ್ನು ತುಂಬಿಕೊಂಡು ಹೊರಟೆವು. ಹೆಂಡತಿ ನನ್ನ ಪಕ್ಕದಲ್ಲಿ, ಹಿಂದೆ ಅವ್ವ. ಖಾನಾಪುರದಲ್ಲಿ, ಹಾಲು ಹಾಕಲು ಬಂದಿದ್ದ ಹೆಂಡತಿಯ ತಮ್ಮ ಹತ್ತಿದ, ನಾಲ್ಕನೆಯವನಾಗಿ. ಜಿಟಿಜಿಟಿ ಮಳೆ. ರಸ್ತೆಯ ಹೊಂಡಗಳಲ್ಲೆಲ್ಲ ನೀರು. ಕಾರು ಗುರ್ರ್ ಎಂದು ಗರ್ಜಿಸುತ್ತ ಓಡುತ್ತಿತ್ತು, ನನ್ನ ಎದೆಯೂ ಹಾಗೇ. ಹಿಂದಿನ ದಿನವಷ್ಟೇ ಒಬ್ಬನೇ ಬಂದು ಆ ಏರನ್ನು ಎರಡು ಸಲ ಹತ್ತಿಸಿ ಹೋಗಿದ್ದೆ. ಇವತ್ತು ಗೆದ್ದೇ ಗೆಲ್ಲುತ್ತೇನೆ, ಕಾರು ನನ್ನದೇ ಎಂದುಕೊಂಡೆ.

ಏರು ಶುರುವಾಯಿತು. ಕಾರು ಕಾಲುಭಾಗ ಹತ್ತಿತು. ಗರ್ಜನೆ ನರಳಾಟವಾಯಿತು. ಅರ್ಧಕ್ಕೆ ಬಂದಾಗ ಎರಡು ಸಲ ಬಿಕ್ಕಳಿಸಿ ನಿಂತೇಬಿಟ್ಟಿತು, ಎಮ್ಮೆಯ ಮುದುಕ ಸಿಕ್ಕ ಜಾಗಕ್ಕಿಂತ ನಾಲ್ಕು ಮಾರು ಕೆಳಗೇ.

ಹೆಂಡತಿ ಕಿಟಕಿಯ ಹೊರಗೆ ನೋಡಿದಳು. ನನಗೆ ಅಳುವೊಂದು ಬಾಕಿ. ನಿನ್ನೆ ಹತ್ತಿದ್ದು ಇವತ್ತೇಕೆ ಹತ್ತುವುದಿಲ್ಲ? ಪೈಪು ಅದೇ, ಏರು ಅದೇ, ಇಲಿಯೂ ಇಲ್ಲ!

ತಮ್ಮ ಇಳಿದು ಬಾನೆಟ್ ಎತ್ತಿದ. ಬಗ್ಗಿ ನೋಡಿದ. ತುಂಬ ಹೊತ್ತು ನೋಡಿದ.

"ಮಾಮಾ, ಇಲ್ಲಿ ಬರ್ರಿ. ಇದೇನಿದು? ಇದೂ ಸೈನ್ಸ್ ಏನು?"

ಹೋಗಿ ನೋಡಿದೆ. ಬುಗುರಿಯಂಥ ಫಿಲ್ಟರಿಗೆ ಒಂದು ಕುಂಚಿಗೆ ಕಟ್ಟಿತ್ತು. ಎಳೆಕೂಸಿನ ತಲೆಗೆ, ಕಿವಿಗೆ ಗಾಳಿ ಹೋಗದ ಹಾಗೆ ಕಟ್ಟುತ್ತಾರಲ್ಲ, ಅದೇ ಕುಂಚಿಗೆ. ಕೆಂಪು ಖಣದ್ದು, ಕೆಳಗೆ ಅಚ್ಚುಕಟ್ಟಾಗಿ ಎರಡೆಳೆ ಗಂಟು. ಹೊಂಡದ ನೀರು ಸಿಡಿದು ತೊಯ್ದು ತೊಪ್ಪೆಯಾಗಿ ಫಿಲ್ಟರಿಗೆ ಅಂಟಿಕೊಂಡಿತ್ತು. ಕಾರಿಗೆ ಉಸಿರಾಡಲು ಸೂಜಿಮೊನೆಯಷ್ಟೂ ಜಾಗವಿರಲಿಲ್ಲ.

"ಅವ್ವಾ!" ಎಂದೆ.

ಅವ್ವ ಕಾರಿನಿಂದಲೇ, ತಪ್ಪೇನು ಎಂಬಂತೆ ಉತ್ತರ ಕೊಟ್ಟಳು. "ಹೂಂ, ನಾನs ಕಟ್ಟೀನಿ. ಮುಂಜಾನೆ ಗಾಡಿ ಒಳಗೂ ವಿಭೂತಿ ಹಚ್ಚಬೇಕು, ಬಾನೆಟ್ ತೆರಿ ಅಂದೆನಲ್ಲ, ಆವಾಗ. ಥಂಡಿ ಹವಾ ಕುಡಸ್ತೀನಿ, ಥಂಡಿ ಹವಾ ಕುಡಸ್ತೀನಿ ಅಂತ ತಿಂಗಳಾತು ಕುಣ್ಯಾಕತ್ತಿ. ಇಂಥಾ ಮಳಿಯಾಗ ಯಾರರ ಥಂಡಿ ಹವಾ ಕುಡಸ್ತಾರೇನು? ಎಂಟು ದಿನದಿಂದ ಗುರ್ ಗುರ್ ಅಂತೈತಿ. ಎದಿಯಾಗ ಕಫಾ ಕಟ್ಟೈತಿ ಅದಕ್ಕ!"

"ಈ ಕುಂಚಿಗಿ ಎಲ್ಲಿಂದ ತಂದಿ?"

"ನಿಂದs. ಪೆಟ್ಟಿಗ್ಯಾಗ ಇಟ್ಟಿದ್ದೆ. ನಿನಗೂ ಹುಟ್ಟಿದಾಗ ಹಿಂಗs ಗುರ್ ಗುರ್ ಇತ್ತು."

ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ತಮ್ಮ ಕುಂಚಿಗೆ ಬಿಚ್ಚಿ ಹಿಂಡಿದ. ನಾನು ಕೀಲಿ ತಿರುಗಿಸಿದೆ. ಕಾರು ಗುರ್ರೆಂದು ಎದ್ದು, ನಾಲ್ಕೂ ಮಂದಿಯನ್ನು ಹೊತ್ತು, ಒಂದೇ ಉಸಿರಿಗೆ ಏರಿನ ನೆತ್ತಿ ಹತ್ತಿತು. "ಕೇಳ್ರಿ, ಕೇಳ್ರಿ, ಹೆಂಗ ಕೆಮ್ಮತೈತಿ," ಎಂದು ಅವ್ವ ಹಿಂದಿನಿಂದ ಹೇಳುತ್ತಲೇ ಇದ್ದಳು.

ಮೇಲೆ ನಿಲ್ಲಿಸಿ ಹೆಂಡತಿಯ ಕಡೆ ನೋಡಿದೆ. ಅವಳು ನಗು ಒರೆಸಿಕೊಂಡು ಗಂಭೀರಳಾದಳು.

"ಹತ್ತಿದ್ದು ಖರೇ. ಆದ್ರ ನಡುವ ನಿಂತೈತಿ. ನಿಲ್ಲದ ಹತ್ತಬೇಕಂತ ಮಾತಾಗಿತ್ತು. ಮಾತು ಅಂದ್ರ ಮಾತು. ಕೀಲಿ ತಮ್ಮಗ ಕೊಡ್ರಿ."

ನ್ಯಾಯದ ಮಾತು, ಏನು ಮಾಡಲಿ? ಕೀಲಿ ಕಿತ್ತು ಹಿಂದಕ್ಕೆ ಚಾಚಿದೆ. ತಮ್ಮ ಕೈ ನೀಡಿದ. ಅಷ್ಟರಲ್ಲಿ ಅವನ ಪಕ್ಕದಲ್ಲಿ ಕೂತಿದ್ದ ಅವ್ವ ಒದ್ದೆ ಕುಂಚಿಗೆಯನ್ನು ಝಾಡಿಸಿ, ಆ ಕೈಯಲ್ಲೇ ಇಟ್ಟಳು.

"ತಗೋ ತಮ್ಮಾ, ಜ್ವಾಕಿ. ದಿನಾ ಸಂಜೀಕ ಎರಡು ಹನಿ ಬಜಿ ಕಷಾಯ, ವಾರಕ್ಕ ಎರಡು ಸಲ ಎಣ್ಣಿ, ಮ್ಯಾಲೆ ಲೋಬಾನದ ಹೊಗಿ. ಮರೀಬ್ಯಾಡ. ನಾ ಅಮಾಸಿಗೊಮ್ಮೆ, ಹುಣ್ಣಿವಿಗೊಮ್ಮೆ ಬಂದು ನೋಡಿ ಹೋಗ್ತೀನಿ."

ತಮ್ಮ ಕುಂಚಿಗೆಯನ್ನು ನೋಡಿದ, ಅವ್ವನನ್ನು ನೋಡಿದ. ಮೆಲ್ಲಗೆ ಕೈ ಹಿಂದೆಗೆದುಕೊಂಡ.

"ಅಕ್ಕಾ, ನನಗ ಬ್ಯಾಡ," ಅಂದ. "ಗಾಡಿ ಬೇಕಾದ್ರ ಹೆಂಗರ ನಡಸ್ತಿದ್ದೆ. ಅದರ ಬಾಣಂತನ ಮಾತ್ರ ನನ್ನ ಕೈಲೆ ಆಗೂದಿಲ್ಲ!"