ಕೋರ್ಟು ಬಿಟ್ಟ ಗಾಡಿ, ಬೆಕ್ಕು ಹಿಡಿದ ಸೀಟು

ಊರವರ ಸೋಫಾಗಳಿಗೆಲ್ಲ ಮೆತ್ತೆ ಹೊಲಿದು ಹೆಸರಾದ ಕುಶನ್ ಮಾಸ್ತರ ಕಣ್ಣಿಗೆ ತಮ್ಮ ವ್ಯಾನಿನಲ್ಲಿ ಹೆಂಡತಿ ಕೂರುವ ಸೀಟು ಮಾತ್ರ ಬಿದ್ದಿರಲಿಲ್ಲ. ಅದರ ಸ್ಪ್ರಿಂಗು ಹೊರಗೆ ತಲೆ ಹಾಕಿ ವರ್ಷಗಳೇ ಆಗಿದ್ದವು. ಆಕೆ ಕೇಳಿದಾಗಲೆಲ್ಲ "ನಾಳೆ ಮಾಡೋಣ ಕಣೇ" ಎನ್ನುತ್ತಿದ್ದರು. (ತಮ್ಮ ಸೀಟಿಗೆ ಮಖಮಲ್ಲಿನ ಮೆತ್ತೆ ಹಾಕಿಕೊಂಡಿದ್ದರು. ಅದು ಯಾವ ನಾಳೆಗೂ ಕಾದಿರಲಿಲ್ಲ.)

ಹೀಗಿರುವಾಗ, ಮನೆ ಸಾಮಾನು ಸಾಗಿಸಬೇಕೆಂದು ನಯವಾಗಿ ಕೇಳಿದ ಗಿರಾಕಿಯೊಬ್ಬನಿಗೆ ಮಾಸ್ತರು ವ್ಯಾನು ಕೊಟ್ಟರು. ಅವನು ಸಾಗಿಸಿದ್ದು ಗಾಂಜಾ! ಮಾಸ್ತರಿಗೆ ಇದರ ಗಂಧಗಾಳಿಯೂ ಇಲ್ಲವೆಂದು ಪೊಲೀಸರೇ ಒಪ್ಪಿದರೂ ವ್ಯಾನು ಠಾಣೆಯ ಅಂಗಳ ಸೇರಿತು. ಗಾಡಿಯಿಲ್ಲದೆ ಸೋಫಾಗಳನ್ನು ತರುವುದು ಹೇಗೆ? ಕಸುಬೇ ನಿಂತುಹೋಯಿತು. ಊಟ ಬಿಟ್ಟು ಮೂಲೆ ಹಿಡಿದ ಮಾಸ್ತರನ್ನು ಎಬ್ಬಿಸಿ, ವಕೀಲರ ಬಳಿ ಎಳೆದೊಯ್ದು, ತನ್ನ ತಮ್ಮನನ್ನೇ ಗಾಡಿಯ ಜಾಮೀನಿಗೆ ನಿಲ್ಲಿಸಿದವಳು ಹೆಂಡತಿ.

ಕೊನೆಗೂ, ಕೇಸು ಮುಗಿಯುವವರೆಗೆ ವ್ಯಾನನ್ನು ಮಾಲೀಕರ ವಶಕ್ಕೆ ಕೊಡಿ ಎಂದು ಕೋರ್ಟು ಆದೇಶಿಸಿತು. ಮಾಸ್ತರಿಗೆ ಹೋದ ಜೀವ ಬಂತು. ಜತೆಗೆ ಜಂಬವೂ ಬಂತು.

"ಈಗಲಾದ್ರೂ ನನ್ನ ಸೀಟು ಸರಿ ಮಾಡ್ತೀರಾ?" ಎಂದಳು ಹೆಂಡತಿ.

ಮಾಸ್ತರು ಕನ್ನಡಕ ಏರಿಸಿ, ಸಾಕ್ಷಾತ್ ನ್ಯಾಯಮೂರ್ತಿಗಳಂತೆ ಆದೇಶ ಓದಿದರು. "'ವಾಹನವನ್ನು ಈಗಿರುವ ಸ್ಥಿತಿಯಲ್ಲೇ ಇಟ್ಟುಕೊಳ್ಳತಕ್ಕದ್ದು.' ಕೇಳಿಸ್ತಾ? ಸ್ಪ್ರಿಂಗು ಮುಟ್ಟಿದ್ರೆ ನ್ಯಾಯಾಂಗ ನಿಂದನೆ! ಕೋರ್ಟೇ ನನ್ನ ಕೈ ಕಟ್ಟಿ ಹಾಕಿದೆ, ಏನ್ ಮಾಡ್ಲಿ?"

"ಪಾಪ" ಎಂದ ಹೆಂಡತಿ ಆ ಸಾಲನ್ನು ಇನ್ನೊಮ್ಮೆ ಓದಿಸಿಕೊಂಡಳು.

ಮರುದಿನ ಇಬ್ಬರೂ ಠಾಣೆಗೆ ಹೋದರು. ಧೂಳು ತಿಂದು ನಿಂತ ವ್ಯಾನನ್ನು ಕಂಡು ಮಾಸ್ತರು ಅಂಗಿ ತೋಳಿನಿಂದಲೇ ಅದರ ಮೈ ಒರೆಸಿದರು. ಬಾಗಿಲು ತೆಗೆದರೆ, ಮಖಮಲ್ಲಿನ ಮೇಲೆ ಬಾಣಂತಿ ಬೆಕ್ಕು! ಪಕ್ಕದಲ್ಲಿ ಇನ್ನೂ ಕಣ್ಣು ಬಿಡದ ಮರಿಗಳು. ಗಾಜು ಇಳಿದಿದ್ದ ಕಿಟಕಿಯಿಂದ ಒಳಬಂದು ಸಂಸಾರ ಹೂಡಿತ್ತು.

"ಏಯ್, ಶೂ! ಶೂ!"

"ಮುಟ್ಬೇಡಿ!" ಹೆಂಡತಿ ಅಡ್ಡ ನಿಂತಳು. "ಈಗಿರುವ ಸ್ಥಿತಿಯಲ್ಲೇ ಇಟ್ಟುಕೊಳ್ಳತಕ್ಕದ್ದು!"

"ಬೆಕ್ಕೇನು ಗಾಡಿ ಜತೆ ಬಂದಿದ್ದೇನೇ?"

"ಚುಚ್ಚೋ ಸ್ಪ್ರಿಂಗು ಗಾಡಿ ಜತೆ ಬಂದಿತ್ತಾ?"

ಮಾಸ್ತರು ಪೇದೆಯ ಕಡೆ ತಿರುಗಿದರು. "ಸಾರ್, ನೀವಾದ್ರೂ ಹೇಳಿ."

"ಬಾಣಂತೀನ ಹೊರಗೆ ಹಾಕೋ ಪಾಪ ನನಗೆ ಬೇಡಪ್ಪ" ಎಂದು ಪೇದೆ ಬೆನ್ನು ತಿರುಗಿಸಿದ.

"ಹಾಗಾದ್ರೆ ನಾನೆಲ್ಲಿ ಕೂರ್ಲೇ?"

ಹೆಂಡತಿ ಬೆಕ್ಕಿನ ಸಂಸಾರವನ್ನು ಮೆತ್ತೆಯ ಸಮೇತ ಮೆಲ್ಲಗೆ ಎತ್ತಿ ಹಿಂದೆ ಬಿದ್ದಿದ್ದ ಕಸುಬಿನ ಸ್ಪಂಜಿನ ರಾಶಿಯ ಮೇಲಿಟ್ಟಳು. ತನ್ನ ಸೀಟಿನ ಸ್ಪ್ರಿಂಗು ಚುಚ್ಚುವ ಮೆತ್ತೆ ಕಿತ್ತು ಗಂಡನ ಜಾಗಕ್ಕೆ ಹಾಕಿದಳು. "ಎಲ್ಲಾ ಗಾಡಿಯೊಳಗೇ ಇದೆ, ಕೋರ್ಟಿಗೇನೂ ಕಮ್ಮಿ ಆಗಿಲ್ಲ. ನಡೀರಿ" ಎಂದು ಬೆಕ್ಕಿನ ಪಕ್ಕ ಸುಖವಾಗಿ ಒರಗಿದಳು.

ಮೊದಲ ಗುಂಡಿಗೇ ಮಾಸ್ತರು ಹಾರಿಬಿದ್ದರು. "ಅಯ್ಯಯ್ಯಪ್ಪೋ! ಇಷ್ಟು ಚುಚ್ಚುತ್ತೇನೇ ಇದು?"

"ಹೂಂ ಕಣ್ರೀ" ಎಂದಿತು ಹಿಂದಿನ ದನಿ, ಮೆತ್ತಗೆ.

ಮಾಸ್ತರಿಗೆ ನಿಜಕ್ಕೂ ನಾಚಿಕೆಯಾಯಿತು. ಮನೆ ತಲುಪಿದವರೇ ಕೈಕಾಲು ಕೂಡ ತೊಳೆಯದೆ ಸೂಜಿ ದಾರ ಹಿಡಿದು ಕೂತರು. ಕೋರ್ಟಿನ ಮಾತು ಯಾರೂ ಎತ್ತಲಿಲ್ಲ. ಸಂಜೆಯ ಹೊತ್ತಿಗೆ ಹೆಂಡತಿಗೆ ಹೂವಿನಂಥ ಮೆತ್ತೆ ಸಿದ್ಧವಾಯಿತು. ಆಕೆ ಕೂತು ನೋಡಿ, ಎದ್ದು, ಸುಮ್ಮನೆ ಇನ್ನೊಮ್ಮೆ ಕೂತಳು.

ಈಗ ಹೊಸ ಮೆತ್ತೆ ಹೆಂಡತಿಯದು, ಮಖಮಲ್ಲು ಬಾಣಂತಿಯದು. ಮಾಸ್ತರು ಮಡಚಿದ ಗೋಣಿಚೀಲದ ಮೇಲೆ ಕೂತು ಗಾಡಿ ಓಡಿಸುತ್ತಾರೆ. "ನನಗೂ ಒಂದು ಮೆತ್ತೆ ಹೊಲ್ಕೊಳ್ಲೇನೇ?" ಎಂದು ಕೇಳಿದಾಗಲೆಲ್ಲ ಹೆಂಡತಿ ಮರಿಯ ತಲೆ ಸವರುತ್ತಾ ನಗುತ್ತಾಳೆ.

"ನಾಳೆ ಮಾಡೋಣ ಕಣ್ರೀ."