ಹತ್ತು ಪದದ ಕುಬುಸ

ಇನ್ನು ಮುಂದೆ ಬಾಯಿಂದಾಗಲಿ ಬೆರಳಿಂದಾಗಲಿ ಒಂದೇ ಒಂದು ಪದವನ್ನೂ ದಂಡ ಮಾಡುವುದಿಲ್ಲ ಎಂದು ನಾನು ಶಪಥ ಮಾಡಿದೆ! ಮಾಡದೆ ಏನು? ವಾಟ್ಸ್ಆ್ಯಪ್‌ನ 'ಚಿಟಿಕೆ ಕಥೆ ಬಳಗ'ದಲ್ಲಿ ನನ್ನ ಕಥೆಗಳಿಗೆ ದಿನಕ್ಕೆ ಹತ್ತಿಪ್ಪತ್ತು ಹೃದಯಗಳು ಬೀಳುತ್ತಿದ್ದವು. ಹಗಲೆಲ್ಲ ಹುಬ್ಬಳ್ಳಿ ಸಮೀಪದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ನಟ್ಟು-ಬೋಲ್ಟು ಕಾಯುವ ಸ್ಟೋರ್ ಕೀಪರ್ ಗುರುಪಾದ, ಸಂಜೆಯಾದರೆ ಕಥಾಸಾಮ್ರಾಟ! ಬಳಗದ ಅಡ್ಮಿನ್ ಶಂಭುಲಿಂಗ ಮಾಸ್ತರರು ನಿವೃತ್ತ ಹೆಡ್‌ಮಾಸ್ತರರು. ಕಥೆ ಮೂವತ್ತು ಪದ ದಾಟಕೂಡದು ಎಂಬುದು ಅವರ ಕಟ್ಟಳೆ. ದಾಟದಿದ್ದರೂ ನಾಲ್ಕು ಪದ ಕತ್ತರಿಸದೆ ಅವರಿಗೆ ಊಟ ಸೇರುವುದಿಲ್ಲ.

ಇಂಥ ನನ್ನ ಮುಂದೆ ಶುಕ್ರವಾರ ನನ್ನ ಹೆಂಡತಿ ಭಾಗ್ಯಶ್ರೀ ಒಂದು ಹಾಳೆ ಹಿಡಿದಳು. ಅವಳ ತಂಗಿ ಸೌಮ್ಯಾಳ ಮಗಳು ಸಾನ್ವಿ ಏಳು ತಿಂಗಳ ಬಸುರಿ. ಭಾನುವಾರ ಹಳೇ ಹುಬ್ಬಳ್ಳಿಯ ಸೌಮ್ಯಾಳ ಮನೆಯಲ್ಲಿ ಕುಬುಸ. ಚೊಚ್ಚಲ ಬಸುರಿಗೆ ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ, ಉಡಿ ತುಂಬುವ ಸಂಭ್ರಮ.

"ಇದನ್ನ ಟೈಪ್ ಮಾಡಿ ನಮ್ಮ ಮಂದಿಗೆಲ್ಲಾ ಕಳಸ್ರಿ. ಬೀಗರ ಮುಂದ ನಮ್ಮ ಕಡಿ ಮಂದಿ ಕಡಿಮಿ ಕಾಣಬಾರದು. ಸೌಮ್ಯಾಗ ಅದ ಚಿಂತಿ."

ಹಾಳೆ ಓದಿ ನನಗೆ ಬೆವರು ಬಂತು. ತೊಂಬತ್ತಾರು ಪದ! ಹೆಸರು, ಓಣಿ, ಬಳೆ ಅಂಗಡಿ, ನೀಲಿ ಗೇಟು!

"ಇಷ್ಟುದ್ದ ಯಾರ ಓದ್ತಾರ? ಸಣ್ಣದು ಮಾಡ್ತೇನಿ."

"ಸಣ್ಣದ ಮಾಡಬ್ಯಾಡ್ರಿ. ಇದ್ದದ್ದು ಇದ್ದಂಗ ಕಳಸ್ರಿ."

ಕೇಳುವ ಜೀವವೇ ನಾನು? ಮೊದಲ ಏಟಿಗೆ ಮೂವತ್ತಕ್ಕೆ ಇಳಿಸಿ ಬಳಗಕ್ಕೆ ಹಾಕಿದೆ. ಇದು ಆಮಂತ್ರಣ ಎಂದು ತಿಳಿಸಲಿಲ್ಲ. ತಿಳಿಸಿದರೆ ಮತ್ತೆರಡು ಪದ ದಂಡ! ಮೊಬೈಲ್ ರಿಪೇರಿ ಅಂಗಡಿಯ ಅಯಾಜ ತಕ್ಷಣ ಬರೆದ: "ಕಾಕಾ, ಬಸುರಿ ಹೆಸರು ಹೇಳಬ್ಯಾಡ್ರಿ. ಓದೋರು ಹುಡುಕ್ಲಿ." ಮಾಸ್ತರರು ಬರೆದರು: "ವಿಳಾಸ ಯಾಕ್ರಿ? ಕಥಿಯೊಳಗಿನ ಮನಿ ಓದೋರ ತಲ್ಯಾಗ ಇರಬೇಕು." ಎಂಥ ಮಾತು! ಎರಡನ್ನೂ ಕಿತ್ತೊಗೆದೆ. ಉಳಿದದ್ದು ಇಷ್ಟು:

'ಹಸಿರು ಬಳೆ. ಹಸಿರು ಸೀರೆ. ಮನೆಗೆ ಪುಟ್ಟ ಹೆಜ್ಜೆ. ಭಾನುವಾರ ಕುಬುಸ. ಬನ್ನಿ.'

ಹತ್ತೇ ಪದ! ಬಳಗದಲ್ಲಿ ಹದಿನೆಂಟು ಹೃದಯ! ಅದನ್ನೇ ನಂಟರಿಗೆಲ್ಲ ಕಳಿಸಿದೆ. ಆಮೇಲೆ ಕೂತಲ್ಲಿ ಕೂರಲಾಗಲಿಲ್ಲ. ಫೋನ್ ಇಟ್ಟೆ, ಎತ್ತಿದೆ, ಪಡಸಾಲೆಯಲ್ಲಿ ತಿರುಗಿದೆ, ಬಚ್ಚಲಿಗೂ ಒಯ್ದೆ. ಉತ್ತರಗಳು ಬಂದವು! "ಈ ವಯಸ್ಸಿನಾಗ ಇಂಥಾ ಸಾಧನಾ! ಭೇಷ್!" "ನಿಮ್ಮಿಂದ ಇದನ್ನ ನಿರೀಕ್ಷಾ ಮಾಡಿರಲಿಲ್ರಿ ಮಾವಾರ!" ಸಾಹಿತ್ಯದ ಬೆಲೆ ಬಲ್ಲ ಬಂಧುಗಳು ಎಂದು ನನ್ನ ಕಣ್ಣು ತುಂಬಿ ಬಂತು.

ಭಾನುವಾರ ಬೆಳಿಗ್ಗೆ ಭಾಗ್ಯಶ್ರೀ ಲಗುಬಗೆಯಿಂದ ನೀರು ತುಂಬುತ್ತಿದ್ದಳು. ದೇಶಪಾಂಡೆ ನಗರದ ನಮ್ಮ ಮನೆಯ ಮುಂದೆ ಆಟೋ ನಿಂತಿತು. ಬುತ್ತಿಗಂಟು ಹೊತ್ತು ಇಳಿದವರು ನನ್ನ ಸೋದರತ್ತೆ ಮುರಿಗೆವ್ವ.

"ಕೊಡ ಇಳಸ! ಮೊದ್ಲ ಇಳಸವಾ!"

"ಯಾಕ್ರಿ ಅತ್ತಿ?"

"ನಲವತ್ತಾರಕ್ಕ ಆದ್ರ ಏನಾತು? ಕೊಟ್ಟಾಂವ ಶಿವ. ನೀ ನಾಚಬ್ಯಾಡ." ಅತ್ತೆ ಅವಳ ದೃಷ್ಟಿ ತೆಗೆದು ಲಟಿಕೆ ಮುರಿದರು. ಆಮೇಲೆ ನನ್ನ ಕಡೆ ತಿರುಗಿದರು. "ನೀ ಮಾತ್ರ ಜರಾ ನಾಚಬೇಕಿತ್ತು ನೋಡು!"

ಅಷ್ಟರಲ್ಲಿ ಇನ್ನೊಂದು ಆಟೋ. ಹಿಂದೆಯೇ ಮತ್ತೊಂದು. ಹತ್ತು ಗಂಟೆಗೆ ಪಡಸಾಲೆಯಲ್ಲಿ ಮೂವತ್ತೈದು ಜನ, ಭಾಗ್ಯಶ್ರೀಗೆ ಉಡಿಸಲು ತಂದ ಹನ್ನೊಂದು ಹಸಿರು ಸೀರೆ! ಭಾಗ್ಯಶ್ರೀ ನನ್ನ ಫೋನ್ ಕಸಿದು ಆ ಹತ್ತು ಪದ ಓದಿದಳು. ನನ್ನನ್ನು ನೋಡಿದಳು. ಆ ನೋಟ ಚಿಟಿಕೆ ಕಥೆಯಲ್ಲ, ಮಹಾಕಾದಂಬರಿ!

ಆಗಲೇ ಸೌಮ್ಯಾಳ ಫೋನ್ ಬಂತು. ದನಿಯಲ್ಲಿ ಅಳು.

"ಅಕ್ಕಾ, ಬೀಗರು ಬಂದು ಕುಂತಾರ. ನಮ್ಮ ಕಡಿಯವರು ಒಬ್ಬರೂ ಇಲ್ಲ. ಸಾನ್ವಿ ಬಾಗಲಾನ ನೋಡಾಕತ್ತಾಳ!"

ನಗುತ್ತ ಹೇಳುತ್ತಿದ್ದೇನೆ, ಆದರೆ ಆಗ ನಿಜಕ್ಕೂ ನಗು ಬರಲಿಲ್ಲ. ಆ ಹುಡುಗಿಯನ್ನು ಎತ್ತಿ ಆಡಿಸಿದವನು ನಾನು.

"ಏನ್ ಹೇಳ್ಲಿ ಈಗ?" ಎಂದೆ.

"ನೀವು ಏನೂ ಹೇಳಬ್ಯಾಡ್ರಿ!" ಎಂದು ಭಾಗ್ಯಶ್ರೀ ನಿಂತಲ್ಲೇ ಟೈಪ್ ಮಾಡಿದಳು. ಸಿಟ್ಟಿನಲ್ಲಿ ನನ್ನ ಫೋನಿನಲ್ಲಿದ್ದ ಎಲ್ಲರಿಗೂ ಕಳಿಸಿದಳು, ನಮ್ಮ ಬಳಗಕ್ಕೂ:

'ಬಸುರಿ ನಾನಲ್ಲ. ನನ್ನ ತಂಗಿ ಸೌಮ್ಯಾನ ಮಗಳು ಸಾನ್ವಿ. ಕುಬುಸ ಹಳೇ ಹುಬ್ಬಳ್ಳ್ಯಾಗ, ಸುಲ್ತಾನಾ ಬಳೆ ಅಂಗಡಿ ಹಿಂದ, ನೀಲಿ ಗೇಟಿನ ಮನ್ಯಾಗ. ವಿಳಾಸ ನುಂಗಿದಾಂವ ನನ್ನ ಹುಚ್ಚಪ್ಯಾಲಿ ಗಂಡ. ಎಲ್ಲಾರೂ ಲಗೂನ ಬರ್ರಿ. ಊಟ ಅಲ್ಲೇ ಐತಿ.'

ಹನ್ನೊಂದು ಗಂಟೆಗೆ ಸೌಮ್ಯಾಳ ಮನೆ ಕಿಕ್ಕಿರಿಯಿತು. ಬೀಗರಿಗೆ ಕೂರಲು ಜಾಗ ಸಾಲಲಿಲ್ಲ. ಸಾನ್ವಿಯ ಮಡಿಲಿಗೆ ಹನ್ನೊಂದು ಸೀರೆ ಬಿದ್ದವು. ಅವಳ ನಗು ನೋಡಿ ನನ್ನ ಜೀವ ತಂಪಾಯಿತು. ಊಟದ ಸಾಲಿನಲ್ಲಿ ಬಡಿಸುತ್ತ ಹೋದರೆ, ಮೂರನೆಯ ಹೋಳಿಗೆಯ ಮುಂದೆ ಶಂಭುಲಿಂಗ ಮಾಸ್ತರರು!

"ಮಾಸ್ತರ! ನೀವು ಇಲ್ಲಿ?"

"ವಿಳಾಸ ಬರೋಬ್ಬರಿ ಇತ್ತು, ಬಂದ್ನಿ. ಏನ್ ಬರದಾರ್ರಿ ನಿಮ್ಮ ಮನಿಯವರು! ಇಪ್ಪತ್ತೆಂಟ ಪದ. ನನ್ನ ಕತ್ತರಿ ಸೋತಿದ್ದು ಇದೊಂದಕ್ಕ ನೋಡ್ರಿ."

ನಾನು ದನಿ ತಗ್ಗಿಸಿ ಕೇಳಿದೆ: "ಆ 'ಹುಚ್ಚಪ್ಯಾಲಿ' ಒಂದರ ತಗೀಬಹುದಿತ್ತಲ್ರಿ ಮಾಸ್ತರ?"

ಮಾಸ್ತರರು ಹೋಳಿಗೆಗೆ ತುಪ್ಪ ಹಾಕಿಸಿಕೊಂಡು ತಲೆ ಅಲ್ಲಾಡಿಸಿದರು.

"ಛೇ ಛೇ! ಅದನ್ನ ತಗದ್ರ ಕಥೀನ ತಿಳಿಯಂಗಿಲ್ರಿ!"